ಖಾತೆಯಲ್ಲಿ ಮೊದಲ ಹೆಸರು ನನ್ನದು

ಸೇಡು ತೀರಿಸಿಕೊಳ್ಳಬಾರದು, ಅದನ್ನು ದೇವರಿಗೆ ಬಿಡಬೇಕು ಎನ್ನುವವರನ್ನು ಕಂಡರೆ ನನಗಾಗದು. ದೇವರಿಗೆ ಬೇಕಾದಷ್ಟು ಬೇರೆ ಕೆಲಸವಿದೆ. ನನ್ನ ಸೋದರಮಾವನ ಮೇಲಿನ ಸೇಡನ್ನು ನಾನೇ ತೀರಿಸಿಕೊಂಡೆ. ಒಂದು ಸುಳ್ಳು ಹೇಳಲಿಲ್ಲ, ಒಂದು ಕಾನೂನು ಮುರಿಯಲಿಲ್ಲ. ಎರಡು ದೇಶದ ಕಾನೂನನ್ನು ಚಾಚೂ ತಪ್ಪದೆ ಪಾಲಿಸಿದೆ, ಅಷ್ಟೇ. ಅದಕ್ಕಿಂತ ಚೆನ್ನಾಗಿ ಅವನಿಗೆ ತಾಗುವ ಪೆಟ್ಟು ನನಗೆ ಬೇರೆ ಗೊತ್ತಿರಲಿಲ್ಲ.

ಮಾವ ಅಂದರೆ ಅವ್ವನ ಒಡಹುಟ್ಟಿದ ಅಣ್ಣ. ಇಬ್ಬರೂ ಹುಟ್ಟಿ ಬೆಳೆದದ್ದು ಯಳಂದೂರಿನ ಹತ್ತಿರ ಮಾಂಬಳ್ಳಿಯಲ್ಲಿ. ಅವನು ಹನೂರಿಗೆ ಹೋಗಿ ಮುಸುಕಿನ ಜೋಳದ ಮಂಡಿ ಇಟ್ಟು ದುಡ್ಡು ಮಾಡಿದ. ಅವ್ವನನ್ನು ಕೊಳ್ಳೇಗಾಲದ ಪಕ್ಕದ ಮಧುವನಹಳ್ಳಿಗೆ ಕೊಟ್ಟರು. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ತೀರಿಕೊಂಡ. ಅವನು ಬಿಟ್ಟುಹೋದದ್ದು ಒಂದು ಹೆಂಚಿನ ಮನೆ, ಅವ್ವನ ಹೆಸರಿಗೆ ಬರೆದಿಟ್ಟ ಒಂದು ತುಂಡು ಗದ್ದೆ. ಆ ಗದ್ದೆಯ ಅನ್ನ ಉಂಡು, ಸ್ಕಾಲರ್‌ಶಿಪ್ಪಿನಲ್ಲಿ ಓದಿ ನಾನು ಕೃಷಿ ಕಾಲೇಜು ಮುಗಿಸಿದೆ. ಅಮೆರಿಕದ ಒಂದು ವಿಶ್ವವಿದ್ಯಾಲಯ ಮಣ್ಣಿನ ಬಗ್ಗೆ ಸಂಶೋಧನೆ ಮಾಡಲು ಕರೆಯಿತು. ಫೀಸು ಇಲ್ಲ, ಮೇಲೆ ಸಂಬಳ. ಆದರೆ ಸಂಬಳ ಒಂಬತ್ತು ತಿಂಗಳಿಗೆ ಮಾತ್ರ, ಉಳಿದ ತಿಂಗಳ ಖರ್ಚಿಗೆ ನಿಮ್ಮ ಬ್ಯಾಂಕಿನಲ್ಲಿ ದುಡ್ಡಿದೆ ಎಂದು ತೋರಿಸಿ ಎಂದರು. ವೀಸಾ ಕೇಳುವಾಗ ಜಾಸ್ತಿ ಕಂಡಷ್ಟೂ ಒಳ್ಳೆಯದು ಎಂದು ಗೊತ್ತಿದ್ದವರು ಸೇರಿಸಿದರು.

ಹೊರದೇಶಕ್ಕೆ ಓದಲು ಹೋಗುವ ಬಡವರ ಮಕ್ಕಳಿಗೆಲ್ಲ ಈ 'ತೋರಿಸುವ ದುಡ್ಡು' ಗೊತ್ತು. ಮದುವೆಗೆ ಹೋಗುವಾಗ ಪಕ್ಕದ ಮನೆಯವರ ಸರ ಇಸ್ಕೊಂಡು ಹಾಕಿಕೊಳ್ಳುವ ಹಾಗೆ, ನೆಂಟರ ದುಡ್ಡನ್ನು ನಮ್ಮ ಖಾತೆಯಲ್ಲಿ ಕೆಲವು ದಿನ ಕೂರಿಸಿಕೊಳ್ಳುವುದು. ಯಾರೂ ಅದನ್ನು ಖರ್ಚು ಮಾಡುವುದಿಲ್ಲ. ವೀಸಾ ಬಂದ ಮೇಲೆ ಕೊಟ್ಟವರು ವಾಪಸ್ ತೆಗೆದುಕೊಂಡು ಹೋಗುತ್ತಾರೆ. ಅವ್ವ ಹನೂರಿಗೆ ಹೋಗಿ ಅಣ್ಣನ ಮುಂದೆ ಸೆರಗೊಡ್ಡಿದಳು. ಮಾವ ಒಪ್ಪಿದ. ಕೊಳ್ಳೇಗಾಲದ ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆದೆವು, ಮೊದಲ ಹೆಸರು ನನ್ನದು, ಎರಡನೆಯದು ಅವನದು, ಇಬ್ಬರಲ್ಲಿ ಯಾರು ಬೇಕಾದರೂ ದುಡ್ಡು ತೆಗೆಯಬಹುದು. ಆಮೇಲೆ ಅವನ ಷರತ್ತು ಬಂತು.

"ಅವ್ಳೆಸ್ರಲ್ಲಿ ನನ್ ದುಡ್ಡು ಕುಂತದೆ. ನಾಳ್ಕ ಎತ್ಕಂಡ್ ಓದ್ರೆ ನಾನ್ ಯಾರ್ನ ಕೇಳಾನ?" ಎಂದು ಅವ್ವನಿಗೆ ಹೇಳಿದ. "ಗದ್ದೆ ನನ್ನೆಸ್ರುಗ್ ಇರ್ಲಿ. ಕೂಸು ಓಗಿ ಸೇರ್ಕಂಡ್ಮೇಲೆ ವಾಪಸ್ ಬರ್ಕೊಡ್ತೀನಿ."

ನನಗೆ ಅನುಮಾನ ಬಂತು. ಅವ್ವನಿಗೆ ಬರಲಿಲ್ಲ. ಒಡಹುಟ್ಟಿದ ಅಣ್ಣ! ಕೊಳ್ಳೇಗಾಲದ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅವ್ವ ಕ್ರಯಪತ್ರಕ್ಕೆ ಸಹಿ ಹಾಕಿದಳು. ನನಗೆ ವೀಸಾ ಬಂತು, ನಾನು ಹೋದೆ. ಗದ್ದೆ ವಾಪಸ್ ಬರಲಿಲ್ಲ. ಕೇಳಿದಾಗಲೆಲ್ಲ ಮಾವ, "ಆಷಾಡ ಕಳೀಲಿ," "ಜೋಳದ್ ಸೀಸನ್ ಮುಗೀಲಿ" ಎನ್ನುತ್ತಿದ್ದ. ಯಾವ ಆಷಾಢ, ಯಾವ ಸೀಸನ್ನು ಎಂದು ಮಾತ್ರ ಹೇಳುತ್ತಿರಲಿಲ್ಲ.

ಗದ್ದೆ ಹೋದ ಮೇಲೆ ಅವ್ವನಿಗೆ ಮಧುವನಹಳ್ಳಿಯಲ್ಲಿ ಮಾಡಲು ಕೆಲಸವಿರಲಿಲ್ಲ. ಒಬ್ಬಳೇ ಯಾಕಿರುತ್ತೀಯ ಬಾ ಎಂದು ಮಾವ ಹನೂರಿಗೆ ಕರೆದುಕೊಂಡು ಹೋದ. ಕರೆದದ್ದು ತಂಗಿಯನ್ನು, ಕೂರಿಸಿದ್ದು ಒಲೆಯ ಮುಂದೆ. ಮಂಡಿಯಲ್ಲಿ ಮೂಟೆ ಹೊರುವವರಿಗೆ, ಲಾರಿಯವರಿಗೆ, ಮನೆಯವರಿಗೆ, ಎಲ್ಲರಿಗೂ ಅವಳೇ ಮುದ್ದೆ ತೊಳಸಬೇಕು, ಅವಳೇ ಪಾತ್ರೆ ಉಜ್ಜಬೇಕು. ಸಂಬಳದ ಮಾತೇ ಇಲ್ಲ. ನಿನ್ನ ಮಗಳ ಓದಿಸುತ್ತಿದ್ದೀನಲ್ಲ ಎಂಬುದು ಅವನ ಬಾಯಿಪಾಠ.

ಅವನು ನನ್ನನ್ನು ಓದಿಸುತ್ತಿರಲಿಲ್ಲ. ಅಲ್ಲಿ ನಾನು ತಿಂದದ್ದು ನನ್ನ ಸಂಬಳದ ಅನ್ನ. ಫೋನಿನಲ್ಲಿ ಎಷ್ಟು ಸಲ ಹೇಳಿದರೂ ಅವ್ವ ನಂಬಳು. ಬ್ಯಾಂಕಿನಲ್ಲಿ ಅಣ್ಣ ದುಡ್ಡು ಕಟ್ಟಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಕಟ್ಟಿದ ದುಡ್ಡು ಮಗಳ ಓದಿಗೆ ಹೋಗದೆ ಇನ್ನೆಲ್ಲಿಗೆ ಹೋದೀತು?

"ಅಂಗನ್ಬ್ಯಾಡ ಕೂಸೇ, ಉಂಡ್ ಮನೆ ಜಂತೆ ಎಣಿಸ್ಬಾರ್ದು" ಎನ್ನುತ್ತಿದ್ದಳು. ಉಣ್ಣುವವರು ಯಾರು, ಬೇಯಿಸುವವರು ಯಾರು ಎಂದು ಕೇಳಿದರೆ ಫೋನು ಇಟ್ಟುಬಿಡುತ್ತಿದ್ದಳು.

ಒಮ್ಮೆ ರಜೆಗೆ ಬಂದಾಗ ಮಾಂಬಳ್ಳಿಯಲ್ಲಿ ನೆಂಟರ ಮನೆಯ ಗೃಹಪ್ರವೇಶವಿತ್ತು. ಊಟದ ಪಂಕ್ತಿಯ ನಡುವೆ ಮಾವ ನನ್ನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡ. ನನ್ನ ತಲೆಯ ಮೇಲೆ ಕೈಯಿಟ್ಟು, "ಈ ಕೂಸ್ನ ಅಮೇರಿಕಾಗ್ ಕಳ್ಸಿ ಓದ್ಸ್ತಿರೋನು ನಾನು ಕಣ್ರಿ. ಅಪ್ಪಿಲ್ದ ಕೂಸು, ನಾನಲ್ದೆ ಇನ್ಯಾರ್ ನೋಡಾರು?" ಎಂದ. ಎಲೆಯ ಮುಂದೆ ಕೂತವರೆಲ್ಲ ಅವನನ್ನು ಹೊಗಳಿದರು. ಆಗ ಅವ್ವ ಹಿತ್ತಲಲ್ಲಿ ಬೇರೆಯವರ ಮನೆಯ ತಪ್ಪಲೆ ತಿಕ್ಕುತ್ತಿದ್ದಳು, ಬಾಗಿಲಿನಿಂದ ಅವಳ ಬೆನ್ನು ಕಾಣುತ್ತಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಇವನು ಈ ಮಾತನ್ನು ತಾನೇ ಉಗಿದು ತಾನೇ ನೆಕ್ಕಬೇಕು, ಅದನ್ನು ನಾನು ನೋಡಬೇಕು ಎಂದು ಅಲ್ಲೇ ಅಂದುಕೊಂಡೆ.

ದಾರಿ ತೋರಿಸಿದ್ದು ಅಮೆರಿಕದ ತೆರಿಗೆ ಕಾನೂನು.

ಅಲ್ಲಿ ಓದಲು ಬಂದ ಹೊರದೇಶದವರನ್ನು ಮೊದಲ ಐದು ವರ್ಷ ತೆರಿಗೆಯ ಲೆಕ್ಕದಲ್ಲಿ ಹೊರಗಿನವರು ಎಂದೇ ಇಟ್ಟಿರುತ್ತಾರೆ. ನಮ್ಮೂರಿನ ದುಡ್ಡಿನ ಗೊಡವೆ ಅವರಿಗೆ ಬೇಡ. ನಾವು ಕಾಲಿಟ್ಟ ವರ್ಷದಲ್ಲಿ ನಾಲ್ಕೇ ತಿಂಗಳಿದ್ದರೂ ಅದು ಪೂರ್ತಿ ಒಂದು ವರ್ಷದ ಲೆಕ್ಕ. ಆರನೆಯ ವರ್ಷ ಬಂತೆಂದರೆ ನಾವು ಒಳಗಿನವರು. ಆಗ ಜಗತ್ತಿನ ಯಾವ ಮೂಲೆಯಲ್ಲಿ ಬಡ್ಡಿ ಬಂದರೂ ಅವರಿಗೆ ಹೇಳಬೇಕು. ಜೊತೆಗೆ, ಬೇರೆ ದೇಶದಲ್ಲಿರುವ ನಮ್ಮ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದು ದಿನವಾದರೂ ಹತ್ತು ಸಾವಿರ ಡಾಲರ್ ದಾಟಿದ್ದರೆ, ಒಂದೊಂದು ಖಾತೆಯಲ್ಲೂ ಅತಿ ಹೆಚ್ಚು ಎಷ್ಟಿತ್ತು ಎಂದು ಖಜಾನೆ ಇಲಾಖೆಗೆ ವರದಿ ಕೊಡಬೇಕು. ಕೊಟ್ಟರೆ ಏನೂ ಇಲ್ಲ, ವರದಿಗೆ ಅಂತ ಒಂದು ಬಿಡಿಗಾಸೂ ಕಟ್ಟಬೇಕಿಲ್ಲ. ಕೊಡದಿದ್ದರೆ ಬೀಳುವ ದಂಡ ಕೇಳಿದರೆ ಜೀವ ಬಾಯಿಗೆ ಬರುತ್ತದೆ.

ನನ್ನ ಆರನೆಯ ವರ್ಷ ಮುಗಿದ ಮೇಲೆ ವಿಶ್ವವಿದ್ಯಾಲಯದವರು ನಮ್ಮಂಥ ವಿದ್ಯಾರ್ಥಿಗಳನ್ನು ಕೂರಿಸಿ, ಪಿಜ್ಜಾ ಕೊಟ್ಟು ಇದನ್ನೆಲ್ಲ ಹೇಳಿದರು. "ಅಪ್ಪ ಅಮ್ಮನ ಜೊತೆ ನಿಮ್ಮ ಹೆಸರೂ ಇರುವ ಖಾತೆ ಇದ್ದರೆ ಅದೂ ಸೇರುತ್ತದೆ, ದುಡ್ಡು ಯಾರದೇ ಆಗಿರಲಿ" ಎಂದಾಗ ನಮ್ಮ ದೇಶದ ಹುಡುಗ ಹುಡುಗಿಯರು ಮುಖ ಮುಖ ನೋಡಿಕೊಂಡರು. ಮಕ್ಕಳ ಹೆಸರನ್ನು ಖಾತೆಗೆ ಸೇರಿಸದ ಮನೆ ನಮ್ಮಲ್ಲಿ ಯಾವುದಿದೆ? ನನಗೆ ಮೊದಲು ನಗು ಬಂತು. ಕೊಳ್ಳೇಗಾಲದ ಬ್ಯಾಂಕು ಇವರಿಗೆ ವಿದೇಶಿ ಬ್ಯಾಂಕಂತೆ! ಆಮೇಲೆ ಜಂಟಿ ಖಾತೆ ನೆನಪಾಯಿತು. ಮಾವ ಅದನ್ನು ಎಂದೋ ಬರಿದು ಮಾಡಿರಬೇಕು ಎಂದುಕೊಂಡಿದ್ದೆ. ಆದರೂ ಖಚಿತ ಮಾಡಿಕೊಳ್ಳೋಣವೆಂದು ಬ್ಯಾಂಕಿಗೆ ಬರೆದೆ. ವಿವರ ಬೇಕಾದರೆ ನೀವೇ ಬನ್ನಿ, ಖಾತೆ ಚೆನ್ನಾಗಿಯೇ ನಡೆಯುತ್ತಿದೆ ಎಂದು ಉತ್ತರ ಬಂತು.

ಚೆನ್ನಾಗಿಯೇ ನಡೆಯುತ್ತಿದೆ! ನಾನಿಲ್ಲದೆ ನನ್ನ ಖಾತೆ ನಡೆಸುತ್ತಿರುವವನು ಯಾರು? ಮಾವನಿಗೆ ಫೋನ್ ಮಾಡಿದೆ. ನನಗೆ ಸಂಜೆ, ಅವನಿಗೆ ಬೆಳಗಿನ ಕಾಫಿಯ ಹೊತ್ತು.

"ಮಾವ, ಆ ಖಾತೇಲಿ ದುಡ್ಡಿದೆಯಾ? ಹೋದ ವರ್ಷ ಅತಿ ಹೆಚ್ಚು ಅಂದರೆ ಎಷ್ಟಿತ್ತು? ಇಲ್ಲಿ ಕೇಳ್ತಾವರೆ."

"ಯಾವನಮ್ಮಿ ಅವ್ನು ಕೇಳೋನು? ಅನೂರಿನ್ ಜೋಳದ್ ದುಡ್ಗೂ ಅಮೇರಿಕಾಕೂ ಏನ್ ಸಂಬಂದ?"

ಅಂದರೆ ಮಂಡಿಯ ವ್ಯವಹಾರವೇ ಅದರಲ್ಲಿ ನಡೆಯುತ್ತಿತ್ತು! ಓದುವ ಹುಡುಗಿಯ ಹೆಸರಿನ ಖಾತೆ, ಅವಳು ಬೇರೆ ದೇಶದಲ್ಲಿ, ಯಾರು ಬಂದು ಕೇಳುತ್ತಾರೆ ಎಂದು ಅವನು ತನ್ನ ವ್ಯಾಪಾರದ ಅರ್ಧ ದುಡ್ಡನ್ನು ನನ್ನ ಹೆಸರಿನ ಹಿಂದೆ ಬಚ್ಚಿಟ್ಟಿದ್ದ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಿತ್ತು. ಹಾಗಾದರೆ ನನ್ನ ಹೆಸರು ತೆಗೆಸು, ಇಲ್ಲ ಲೆಕ್ಕ ಕೊಡು ಎಂದೆ. ಕೊಡದಿದ್ದರೆ ನನಗೆ ದಂಡ ಬೀಳುತ್ತದೆ ಎಂದೂ ಬಿಡಿಸಿ ಹೇಳಿದೆ.

"ಬಿದ್ರೆ ಕಟ್ಟು! ಓದ್ಸಿದೋನ್ ಹತ್ರ ಲೆಕ್ಕ ಕೇಳ್ತಿಯಾ? ನಾಚ್ಕೆ ಆಗಕಿಲ್ವಾ? ನಿಮ್ಮವ್ವನ್ ಇವತ್ತೇ ಮನೆಯಿಂದ ಆಚ್ಗಾಕಿದ್ರೆ ಎಲ್ಲಿಗೋದಾಳು, ಒಸಿ ಯೋಚ್ನೆ ಮಾಡು" ಎಂದು ಫೋನಿಟ್ಟ.

ಯೋಚನೆ ಮಾಡಿದೆ. ತಿಂಗಳುಗಟ್ಟಲೆ ಅದನ್ನೇ ಮಾಡಿದೆ. ನಮ್ಮ ದೇಶದ ನಿಯಮಗಳನ್ನೂ ಓದಿದೆ. ವರದಿಗೆ ಅಕ್ಟೋಬರ್‌ವರೆಗೆ ಗಡುವಿತ್ತು. ಸೆಪ್ಟೆಂಬರಿನಲ್ಲಿ, ಹನೂರಿನ ಕಡೆ ಜೋಳ ಮುರಿಯಲು ಶುರುವಾಗುವ ಹೊತ್ತಿಗೆ ಸರಿಯಾಗಿ, ರಜೆ ಹಾಕಿ ಊರಿಗೆ ಬಂದೆ. ಬೇಕೆಂದೇ ಆ ಹೊತ್ತಿಗೆ ಬಂದೆ, ಅದರಲ್ಲಿ ಮುಚ್ಚುಮರೆ ಏನೂ ಇಲ್ಲ.

ಬ್ಯಾಂಕಿನಲ್ಲಿ ನನ್ನದೇ ವಯಸ್ಸಿನ ಒಬ್ಬರು ಮಹಿಳಾ ಆಫೀಸರ್ ಇದ್ದರು. ಪಾಸ್‌ಪೋರ್ಟು, ವೀಸಾ ಮೇಜಿನ ಮೇಲಿಟ್ಟು, ನಾನು ಇಷ್ಟು ವರ್ಷದಿಂದ ಹೊರದೇಶದಲ್ಲಿದ್ದೇನೆ, ಖಾತೆಗೆ ಏನಾದರೂ ಮಾಡಿಸಬೇಕಾ ಎಂದು ಮುಗ್ಧಳ ಹಾಗೆ ಕೇಳಿದೆ. ಆಕೆ ಹೌಹಾರಿದರು.

"ಮೇಡಂ, ಹೊರಗಿರೋರು ಮಾಮೂಲಿ ಖಾತೆ ಇಟ್ಕೊಳ್ಳೋ ಹಾಗೇ ಇಲ್ಲ! ಆವತ್ತೇ ಹೇಳಬೇಕಿತ್ತು. ಅನಿವಾಸಿ ಖಾತೆ ಮಾಡಿಬಿಡ್ತೀನಿ, ಇವತ್ತೇ ಅರ್ಜಿ ಕೊಡಿ."

"ಎರಡನೇ ಹೆಸರು ನಮ್ಮ ಮಾವಂದು."

"ಇರಬಹುದು. ಆದರೆ ಇಬ್ಬರಲ್ಲಿ ಯಾರಾದರೂ ಅನ್ನೋದು ಇನ್ಮೇಲೆ ನಡೆಯಲ್ಲ. ಮೊದಲನೇ ಹೆಸರಿನವರು ಇರೋವರೆಗೂ ಅವರೇ ವ್ಯವಹಾರ ಮಾಡಬೇಕು. ಎರಡನೆಯವರು ಕೈ ಹಾಕೋ ಹಾಗಿಲ್ಲ. ಅವರೂ ಬಂದು ಸಹಿ ಹಾಕಲಿ, ಅಲ್ಲಿವರೆಗೂ ಈ ಖಾತೆಯಿಂದ ದುಡ್ಡು ಆಚೆ ಹೋಗಲ್ಲ."

ಇನ್ನೊಂದು ಸಲ ಹೇಳಿ ಎಂದೆ. ಆಕೆ ಹೇಳಿದರು. ನನಗೆ ಮೊದಲೇ ಗೊತ್ತಿತ್ತು, ಆದರೂ ಕೇಳಲು ಎಷ್ಟು ಹಿತವಾಗಿತ್ತು! ಮಾವ ಸಹಿ ಹಾಕದಿದ್ದರೆ ದುಡ್ಡು ಅಲ್ಲೇ ಸಿಕ್ಕಿಬಿದ್ದಿರುತ್ತದೆ, ಹಾಕಿದರೆ ನನ್ನ ಕೈಗೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅಂತಾರಲ್ಲ, ಈ ಸಲ ಈರಭದ್ರ ನಾನು. ಅರ್ಜಿ ಬರೆದುಕೊಟ್ಟು, ಬಸ್ ಸ್ಟ್ಯಾಂಡಿನ ಎದುರು ಎರಡು ದೋಸೆ ತಿಂದು, ಮಧುವನಹಳ್ಳಿಯ ಮನೆಯ ಬೀಗ ತೆಗೆದೆ. ಮಗಳು ಬಂದಿದ್ದಾಳೆ ಎಂದು ಅವ್ವ ಮಾರನೆಯ ದಿನ ಹನೂರಿನಿಂದ ಬಂದಳು. ಇಬ್ಬರೂ ಸೇರಿ ಮನೆ ಗುಡಿಸಿ, ಸಾರಿಸಿ, ಜೇಡರ ಬಲೆ ಹೊಡೆದೆವು.

ರೈತರಿಗೆ ಜೋಳದ ದುಡ್ಡು ಕೊಡಲು ಮಾವ ಹೋದಾಗ ಬ್ಯಾಂಕಿನಿಂದ ಒಂದು ರೂಪಾಯಿ ಅಲ್ಲಾಡಲಿಲ್ಲ. ಮಾವ ಕಾರು ತಂದು ನಮ್ಮ ಮನೆಯ ಮುಂದೆ ನಿಲ್ಲಿಸಿ, ಅಂಗಳದಿಂದಲೇ ಕೂಗಿದ.

"ಏನಮ್ಮಿ ಮಾಡಾಕ್ದೆ ಬ್ಯಾಂಕಲ್ಲಿ?"

"ಕಾನೂನು ಮಾವ. ನಾನು ಹೊರಗಿರೋಳಲ್ವಾ, ಹೇಳಲೇಬೇಕಂತೆ."

"ಅದು ನನ್ ದುಡ್ಡು!"

"ನಿನ್ನದೆಂಗಾಯ್ತದೆ? ನನ್ನ ಓದಿಗೆ ಅಂತ ಕೊಟ್ಟಿದ್ದಲ್ವಾ? ಮಾಂಬಳ್ಳೀಲಿ ಅಷ್ಟು ಜನದ ಮುಂದೆ ನೀನೇ ಹೇಳಿದ್ಯಲ್ಲ. ಖರ್ಚಾಗಿ ಉಳಿದದ್ದೂ ನಂದೇ ತಾನೇ?"

ಅವನ ಕತ್ತಿನ ನರ ಉಬ್ಬಿತು. "ಯಾವ್ ಓದು? ಯಾವ್ ಖರ್ಚು? ನಿನ್ ಓದ್ಗೆ ಅದ್ರಲ್ಲಿ ಒಂದ್ ಕಾಸ್ ಓಗಿಲ್ಲ! ಅವತ್ತಿಂದ ಇವತ್ನಗಂಟ ನೀನ್ ಅದ ಮುಟ್ಟೇ ಇಲ್ಲ! ನೀನ್ ಓದಿದ್ದು ನಿನ್ ಸಂಬ್ಳದಲ್ಲಿ. ನನ್ ದುಡ್ಡು ಎಲ್ಲಾ ಅಂಗಂಗೇ ಅದೆ, ನನ್ಗ್ ಕೊಡು!"

ನಾನು ಬಾಗಿಲ ಕಡೆ ನೋಡಿದೆ. ಅವ್ವ ಪೊರಕೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಅಣ್ಣ, ಇನ್ನೊಂದ್ಸಲ ಏಳು" ಎಂದಳು.

ತಾನು ಏನು ಹೇಳಿಬಿಟ್ಟೆ ಎಂದು ಮಾವನಿಗೆ ಆಗ ಹೊಳೆಯಿತು. ಅವ್ವ ಪೊರಕೆಯನ್ನು ಗೋಡೆಗೆ ಒರಗಿಸಿ ಜಗಲಿಯ ಮೇಲೆ ಕೂತಳು.

"ಅಂಗಾರೆ ನಾನ್ ನಿಮ್ಮನೇಲಿ ಇಷ್ಟ್ ವರ್ಸ ಬೇಯ್ಸಾಕಿದ್ದು ಯಾವ್ ಋಣಕ್ಕಣ್ಣ?"

ಪಕ್ಕದ ಮನೆಯವರು ಕಾಂಪೌಂಡಿನ ಹತ್ತಿರ ಬಂದು ನಿಂತಿದ್ದರು. ಮಾವ ದನಿ ಇಳಿಸಿ, "ಅದೆಲ್ಲ ಆಮೇಲ್ ಮಾತಾಡಾನ ತಂಗಿ, ರೈತ್ರು ಕಾಯ್ತಾವ್ರೆ, ನಿನ್ ಮಗ್ಳುಗ್ ಒಸಿ ಏಳು" ಎಂದ.

"ಮೊದ್ಲು ಗದ್ದೆ" ಎಂದಳು ಅವ್ವ. ಎದ್ದು ಒಳಗೆ ಹೋದಳು. ಅಣ್ಣ ಬಾಗಿಲಿಗೆ ಬಂದಾಗ ನೀರು ಕೊಡದೆ ಅವಳು ಒಳಗೆ ಹೋದದ್ದನ್ನು ನಾನು ಕಂಡದ್ದು ಅದೇ ಮೊದಲು. ಅವತ್ತು ಅವಳು ಹನೂರಿಗೆ ವಾಪಸ್ ಹೋಗಲಿಲ್ಲ. ಅಲ್ಲಿದ್ದ ಅವಳ ಸೀರೆಗಳನ್ನು ತರಲೂ ಹೋಗಲಿಲ್ಲ.

ನನ್ನ ಆಸೆ ಗದ್ದೆಗೆ ನಿಲ್ಲುವಂಥದ್ದಾಗಿರಲಿಲ್ಲ. ದುಡ್ಡನ್ನು ಅಲ್ಲೇ ಕೊಳೆಯಲು ಬಿಟ್ಟು ವಿಮಾನ ಹತ್ತಿಬಿಡಬೇಕು, ಇವನು ವರ್ಷಗಟ್ಟಲೆ ಬ್ಯಾಂಕಿನ ಬಾಗಿಲಲ್ಲಿ ಒಣಗಬೇಕು ಎಂದು ಮನಸ್ಸು ಕುದಿಯುತ್ತಿತ್ತು. ಅವ್ವ ಬಿಡಲಿಲ್ಲ. "ಅವನ್ ದುಡ್ಡ ಅವನ್ ಮೊಕುಕ್ ಎಸಿ. ನಮ್ದು ನಮ್ಗ್ ಬಂದ್ರ ಸಾಕು" ಎಂದಳು. ಮಾವ ಸುಮ್ಮನೆ ಬಗ್ಗಲಿಲ್ಲ. ಮಾಂಬಳ್ಳಿಯ ನೆಂಟರಿಂದ ಹೇಳಿಸಿದ, ಉಂಡ ಮನೆಗೆ ಎರಡು ಬಗೆದವಳು ಎಂದು ಊರಲ್ಲೆಲ್ಲ ಸಾರಿದ, ವಕೀಲರ ಹತ್ತಿರ ಹೋದ. ಇಷ್ಟು ದುಡ್ಡನ್ನು ಸೋದರಸೊಸೆಯ ಹೆಸರಲ್ಲಿ ಯಾಕೆ ಇಟ್ಟಿರಿ ಎಂದು ನ್ಯಾಯಾಲಯ ಕೇಳುತ್ತದೆ ಎಂದು ವಕೀಲರು ಹೇಳಿದರಂತೆ. ಅಷ್ಟರಲ್ಲಿ ಕೈಸಾಲ ತಂದು ರೈತರ ಬಾಕಿ ತೀರಿಸಿದ್ದ. ಅದನ್ನು ವಿಚಾರಿಸಿಕೊಂಡೇ ನಾನು ಹಟ ಬಿಗಿ ಮಾಡಿದ್ದು. ಬಡ್ಡಿ ಬೆಳೆಯುತ್ತಿದ್ದದ್ದು ಅವನ ತಲೆಯ ಮೇಲೆ ಮಾತ್ರ.

ಕೊನೆಗೆ ಒಂದು ಬೆಳಗ್ಗೆ ಅದೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಗದ್ದೆ ಅವ್ವನ ಹೆಸರಿಗೆ ವಾಪಸ್ ಬಂತು. ಸ್ಟಾಂಪಿನ ಖರ್ಚು ಅವನದೇ. ಅಲ್ಲಿಂದ ಬ್ಯಾಂಕಿಗೆ ಹೋದೆವು. ಅವನು ಸಹಿ ಹಾಕಿ ಬೆಂಚಿನ ಮೇಲೆ ಕಾದು ಕೂತ, ನಾನು ಒಳಗೆ ಕೂತು ಅವನ ದುಡ್ಡನ್ನು ಅವನ ಖಾತೆಗೆ ಕಳಿಸಿದೆ. ಅಷ್ಟು ವರ್ಷದ ಬಡ್ಡಿ ನನ್ನ ಹೆಸರಲ್ಲಿ ಬಂದಿತ್ತಲ್ಲ, ಅದಕ್ಕೆ ಇಲ್ಲಿಯೂ ಅಲ್ಲಿಯೂ ಕಟ್ಟಬೇಕಾದ ತೆರಿಗೆಯನ್ನು ಮಾತ್ರ ಹಿಡಿದುಕೊಂಡೆ. ಅವನು ಹಲ್ಲು ಕಚ್ಚಿ ಒಪ್ಪಿದ. ಹೊಟ್ಟೆ ತಣ್ಣಗಾಯಿತು ಅನ್ನಿಸಿತು. ಪೂರ್ತಿ ಆಗಿರಲಿಲ್ಲ.

ವರದಿ ಇನ್ನೂ ಬಾಕಿಯಿತ್ತು. ಅವತ್ತು ಮಧ್ಯಾಹ್ನ ನಮ್ಮ ಜಗಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಮಾವ ಗದ್ದೆಯ ಹಳೆಯ ಪತ್ರಗಳನ್ನು ಕೊಡಲು ಬಂದಿದ್ದ. ಖಾತೆ ಯಾವ ಬ್ಯಾಂಕು, ಹೋದ ವರ್ಷ ಅತಿ ಹೆಚ್ಚು ಎಷ್ಟಿತ್ತು ಎಂದು ತುಂಬಿದ ಮೇಲೆ, ಜೊತೆ ಖಾತೆದಾರರ ಹೆಸರೇನು ಎಂದು ಫಾರಂ ಕೇಳಿತು. ಇನಿಷಿಯಲ್ ಸಮೇತ ಅವನ ಪೂರ್ತಿ ಹೆಸರನ್ನು, ಅವನು ನೋಡುತ್ತಿರುವಾಗಲೇ, ಒಂದೊಂದೇ ಅಕ್ಷರ ಒತ್ತಿ ಬರೆದೆ.

"ನನ್ನೆಸ್ರು ಯಾಕಮ್ಮಿ ಅವ್ರಿಗೆ?"

"ಕೇಳ್ತಾರೆ ಮಾವ. ಅಮೆರಿಕದ ಸರ್ಕಾರ."

"ಏನಾರ ಬತ್ತದಾ ಅಲ್ಲಿಂದ?"

ಏನೂ ಬರುವುದಿಲ್ಲ. ವರದಿ ಮುಟ್ಟಿಸಿದವರನ್ನು ಯಾರೂ ಏನೂ ಮಾಡುವುದಿಲ್ಲ, ಅದರಲ್ಲೂ ಹನೂರಿನಲ್ಲಿರುವ ಜೋಳದ ವ್ಯಾಪಾರಿಯನ್ನು ಹುಡುಕಿಕೊಂಡು ಯಾರೂ ಬರುವುದಿಲ್ಲ. ಅದನ್ನು ಹೇಳಲು ನನಗೆ ಒಂದು ಉಸಿರು ಸಾಕಿತ್ತು. "ನೋಡಾನ" ಎಂದೆ. ಅವನ ಮುಖ ಬಿಳಿಚಿಕೊಂಡಿತು.

ಅವನು ಹೋದ ಮೇಲೆ ಅವ್ವನಿಗೆ ನಿಜ ಹೇಳಿದೆ. ಭಯ ಬೀಳಬೇಡ, ಇದು ಬರಿ ತಿಳಿಸುವುದು ಅಷ್ಟೇ, ಕತೆ ಇಲ್ಲಿಗೆ ಮುಗಿಯಿತು ಎಂದೆ. ಅವಳು ಹೂಂ ಅಂದು ಒಲೆ ಹಚ್ಚಿದಳು.

ಈಗ ಓದು ಮುಗಿಸಿ ವಾಪಸ್ ಬಂದಿದ್ದೇನೆ. ಅವ್ವ ತನ್ನ ಗದ್ದೆಗೆ ತಾನೇ ನೀರು ಕಟ್ಟುತ್ತಾಳೆ. ಹನೂರಿನಿಂದ ಮಾವನ ಫೋನು ಮಾತ್ರ ನಿಂತಿಲ್ಲ. ಬೆಂಗಳೂರಿನಿಂದ ಯಾವುದೋ ಹೊಸ ನಂಬರಿನ ಕರೆ ಬಂದರೂ ಅವನಿಗೆ ಅಂದು ಊಟ ಸೇರುವುದಿಲ್ಲವಂತೆ. ಮೊನ್ನೆ ಅವನ ಫೋನು ಬಂದಾಗ ಅವ್ವ ಅಕ್ಕಿ ಆರಿಸುತ್ತಿದ್ದಳು, ನಾನು ಪಕ್ಕದಲ್ಲೇ ಇದ್ದೆ. ಸ್ಪೀಕರಿನಲ್ಲಿ ಅವನ ದನಿ ಕೇಳುತ್ತಿತ್ತು.

"ತಂಗಿ, ಕೂಸ್ಗೆ ಅಮೇರಿಕದಿಂದ ಏನಾರ ಬಂತಾ? ನನ್ನೆಸ್ರು ಏನಾರ ಕೇಳುದ್ರಾ?"

ಅವ್ವ ಕಲ್ಲೊಂದನ್ನು ಎತ್ತಿ ಬಿಸಾಡಿ, ತಣ್ಣಗೆ, "ಇನ್ನೂ ಏನೂ ಬಂದಿಲ್ಲ ಕಣಣ್ಣ" ಎಂದಳು.

ಆ 'ಇನ್ನೂ' ಕೇಳಿ ನನಗೇ ಒಂದು ಕ್ಷಣ ಎದೆ ಝಲ್ಲೆಂದಿತು. ಫೋನು ಇಟ್ಟ ಮೇಲೆ, ಸಾಕು ಹೇಳಿಬಿಡವ್ವ, ಏನೂ ಬರುವುದಿಲ್ಲ ಅಂತ, ಎಂದೆ. ನನಗಿಂತ ಸಾಧು ಹೆಂಗಸು ಎಂದು ಊರೆಲ್ಲ ಹೇಳುವ ನನ್ನ ಅವ್ವ ಮೊರದಿಂದ ತಲೆ ಎತ್ತಲಿಲ್ಲ.

"ಅಷ್ಟು ವರ್ಸ ನಾನ್ ಅವನ್ ಮಾತ ನಂಬ್ಕಂಡಿದ್ದೆ" ಎಂದಳು. "ಈಗ ಅವ್ನು ಒಸಿ ದಿನ ನನ್ ಮಾತ ನಂಬ್ಲಿ, ಬುಡು."